ಲೆಕ್ಕ ಸರಿಯಾಗಿ ಬರುತ್ತೆ, ಇಂಟರ್‌ವ್ಯೂ ಮಾತ್ರ ಆಗಲ್ಲ: ಆಟಿಸಂ ಇರುವವರು ಕೆಲಸ ಹುಡುಕುವುದು ಹೇಗೆ?

ಪ್ರಶ್ನೆ: ನನಗೆ 25 ವರ್ಷ. ತೀರ್ಥಹಳ್ಳಿ ಹತ್ತಿರದ ಹಳ್ಳಿ. ಬಿ.ಕಾಂ. ಆಗಿದೆ. ಹೋದ ವರ್ಷ ಬೆಂಗಳೂರಿನಲ್ಲಿ ತೋರಿಸಿದಾಗ ಆಟಿಸಂ ಇದೆ ಅಂತ ಗೊತ್ತಾಯಿತು. ಟ್ಯಾಲಿ ಬರುತ್ತೆ, ಲೆಕ್ಕದಲ್ಲಿ ತಪ್ಪು ಮಾಡಲ್ಲ. ಆದರೆ ಶಿವಮೊಗ್ಗದಲ್ಲಿ ಹೋದ ಇಂಟರ್‌ವ್ಯೂಗಳಲ್ಲೆಲ್ಲ ಕೈಬಿಟ್ಟಿದ್ದಾರೆ. 'ಮುಖ ನೋಡಿ ಮಾತಾಡಲ್ಲ, ಕಾನ್ಫಿಡೆನ್ಸ್ ಇಲ್ಲ' ಅಂತಾರೆ. ಒಂದು ಕಡೆ ಅಕೌಂಟ್ಸ್ ಕೆಲಸ ಸಿಕ್ಕಿತ್ತು, ದಿನವಿಡೀ ಫೋನ್ ತೆಗೆಯಬೇಕಿತ್ತು, ಆಗದೆ ಬಿಟ್ಟೆ. ಈಗ ಮಾವನಿಗೆ ಗೊತ್ತಿರುವ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯಲು ಕರೆಯುತ್ತಿದ್ದಾರೆ. ಹೋಗಲಾ? ಆಟಿಸಂ ಇದೆ ಅಂತ ಹೇಳಬೇಕಾ? ಅಂಗವೈಕಲ್ಯ ಸರ್ಟಿಫಿಕೇಟ್ ಮಾಡಿಸಿದರೆ ತಂಗಿ ಮದುವೆಗೆ ತೊಂದರೆ ಆಗುತ್ತೆ ಅಂತ ಅಪ್ಪ ಬೇಡ ಅಂತಿದ್ದಾರೆ. ಏನು ಮಾಡಲಿ?

ಉತ್ತರ: ನೀವು ಬರೆದದ್ದರಲ್ಲಿ ನನಗೆ ಮುಖ್ಯ ಅನಿಸಿದ ಮಾತು 'ಲೆಕ್ಕದಲ್ಲಿ ತಪ್ಪು ಮಾಡಲ್ಲ' ಅನ್ನುವುದು. ಲೆಕ್ಕದವರನ್ನು ಹುಡುಕುವ ಯಾರಿಗಾದರೂ ಬೇಕಾಗಿರುವುದು ಅದೇ ಅಲ್ವಾ? ಆದರೆ ಇಲ್ಲಿವರೆಗೆ ನಿಮ್ಮನ್ನು ಕರೆದವರು ಯಾರೂ ನಿಮ್ಮ ಲೆಕ್ಕ ನೋಡಿಲ್ಲ. ಹತ್ತು ನಿಮಿಷ ಎದುರಿಗೆ ಕೂರಿಸಿ ಮಾತಾಡಿಸಿದರು, ಮಾತು ನೋಡಿ ಕೆಲಸ ಅಳೆದರು, ಕಳಿಸಿಬಿಟ್ಟರು. ಒಂದು ಕಡೆ ಸಿಕ್ಕ ಕೆಲಸವನ್ನೂ ನೀವು ಬಿಟ್ಟಿದ್ದು ಫೋನ್‌ಗಾಗಿ, ಲೆಕ್ಕಕ್ಕಾಗಿ ಅಲ್ಲ. ಹಾಗಾಗಿ ಮುಂದೆ ನಾನು ಹೇಳುವುದೆಲ್ಲ ಸುತ್ತಿಬಳಸಿ ಒಂದೇ ಕಡೆ ಬರುತ್ತೆ. ನಿಮ್ಮ ಮಾತಿಗಿಂತ ಮೊದಲು ನಿಮ್ಮ ಕೆಲಸ ಅವರ ಕಣ್ಣಿಗೆ ಬೀಳಬೇಕು. ಅದಕ್ಕೆ ಏನೇನು ದಾರಿ ಇದೆ ನೋಡೋಣ.

ಮೊದಲು ಇಂಟರ್‌ವ್ಯೂ. 'ನಿಮ್ಮ ಬಗ್ಗೆ ಹೇಳಿ' ಅಂತ ಶುರು ಮಾಡ್ತಾರೆ. ಕೇಳುವವರಿಗೆ ಅದು ಸುಮ್ನೆ ಮಾತಿಗೆಳೆಯುವ ಪ್ರಶ್ನೆ. ನಿಮಗೆ? ಎಲ್ಲಿಂದ ಶುರು ಮಾಡುವುದು, ಹುಟ್ಟಿದ ಊರಿಂದಲಾ, ಕಾಲೇಜಿಂದಲಾ, ಎಷ್ಟು ಹೇಳಿದರೆ ಸಾಕು, ಒಂದೂ ಗೊತ್ತಿಲ್ಲ. ಮೇಲೆ ಟ್ಯೂಬ್‌ಲೈಟ್ ಗುಂಯ್ ಅನ್ನುತ್ತಿದೆ, ಪಕ್ಕದ ಟೇಬಲ್ಲಿನಲ್ಲಿ ಯಾರೋ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದಾರೆ, ಎದುರಿಗೆ ಇರುವವರ ಕಣ್ಣು ನೋಡಬೇಕು ಅಂತ ಬೇರೆ ನೆನಪಿಟ್ಟುಕೊಳ್ಳಬೇಕು. ಕಣ್ಣು ನೋಡಿದರೆ ಮಾತು ತಪ್ಪುತ್ತೆ, ಮಾತಿನ ಕಡೆ ಗಮನ ಕೊಟ್ಟರೆ ಕಣ್ಣು ತಪ್ಪುತ್ತೆ. ಆಮೇಲೆ 'ನಿಮ್ಮ ವೀಕ್‌ನೆಸ್ ಏನು' ಅಂತ ಕೇಳ್ತಾರೆ. ಬೇರೆಯವರು 'ಸ್ವಲ್ಪ ಜಾಸ್ತಿ ಕೆಲಸ ಮಾಡಿಬಿಡ್ತೀನಿ ಸರ್' ಅಂತ ನಯವಾಗಿ ದಾಟಿಬಿಡ್ತಾರೆ. ಆಟಿಸಂ ಇರುವವರು ಅನೇಕರು ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ, ಒಂದೂ ಬಿಡದೆ ಹೇಳ್ತಾರೆ. ಪ್ರಾಮಾಣಿಕತೆಗೆ ಮಾರ್ಕ್ಸ್ ಸಿಗಬೇಕಿತ್ತು. ಸಿಗಲ್ಲ.

ಇದು ನಿಮ್ಮೊಬ್ಬರ ಕೊರತೆ ಅಂತ ತಿಳಿಯಬೇಡಿ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್, ಅವರಿಗೂ ಆಟಿಸಂ ಇದೆ, 2012ರಲ್ಲಿ ಒಂದು ಮಾತು ಮುಂದಿಟ್ಟರು. ಆಟಿಸಂ ಇರುವವರಿಗೆ ಉಳಿದವರ ಮನಸ್ಸು ಓದುವುದು ಎಷ್ಟು ಕಷ್ಟವೋ, ಉಳಿದವರಿಗೆ ಇವರ ಮನಸ್ಸು ಓದುವುದೂ ಅಷ್ಟೇ ಕಷ್ಟ, ತೊಡಕು ಎರಡೂ ಕಡೆ ಇದೆ ಅಂತ. ಇಂಟರ್‌ವ್ಯೂ ಕೋಣೆಯಲ್ಲಿ ನಡೆಯುವುದು ಪೂರ್ತಿ ಇದೇ. ಅವರಿಗೆ ನಿಮ್ಮನ್ನು ಓದಲು ಬರಲಿಲ್ಲ, ಅದಕ್ಕೆ ನಿಮಗೆ ಕಾನ್ಫಿಡೆನ್ಸ್ ಇಲ್ಲ ಅಂದರು.

ಹಾಗಂತ ಇಂಟರ್‌ವ್ಯೂನೇ ಬಿಟ್ಟುಬಿಡೋಕೆ ಆಗಲ್ಲ. ಅದನ್ನು ನಿಮ್ಮ ಕಡೆ ಸ್ವಲ್ಪ ವಾಲಿಸಿಕೊಳ್ಳಬಹುದು. ಕರೆದಾಗಲೇ ವಾಟ್ಸಾಪಿನಲ್ಲಿ ಕೇಳಿ: ಎಷ್ಟು ಜನ ಕೂತಿರ್ತಾರೆ, ಎಷ್ಟು ಹೊತ್ತು, ಯಾವ ವಿಷಯ ಕೇಳ್ತಾರೆ, ಕಂಪ್ಯೂಟರಿನಲ್ಲಿ ಏನಾದರೂ ಮಾಡಿ ತೋರಿಸಬೇಕಾ. ಹೀಗೆ ಕೇಳುವುದರಲ್ಲಿ ತಪ್ಪೇನಿಲ್ಲ, ತಯಾರಿ ಮಾಡಿಕೊಂಡು ಬರುವವರು ಅಂತಲೇ ಅನಿಸುತ್ತೆ. ಒಳಗೆ ಹೋಗಿ ಕೂತ ತಕ್ಷಣ ಒಂದು ಮಾತು ಹೇಳಿಬಿಡಿ: 'ಸರ್, ನಾನು ಯೋಚನೆ ಮಾಡುವಾಗ ಬೇರೆ ಕಡೆ ನೋಡ್ತೀನಿ, ನಿಮ್ಮ ಮಾತು ಕೇಳಿಸಿಕೊಳ್ತಾ ಇರ್ತೀನಿ.' ಈ ಒಂದು ವಾಕ್ಯಕ್ಕೆ ಎಷ್ಟು ಬೆಲೆ ಇದೆ ಅಂತ ಹೇಳಿದರೆ ನೀವು ನಂಬಲ್ಲ. ಎದುರಿಗೆ ಇರುವವರಿಗೆ ಕಾರಣ ಗೊತ್ತಾದ ಮೇಲೆ ಕಣ್ಣಿನ ಲೆಕ್ಕ ಇಡುವುದನ್ನು ಬಿಟ್ಟು ಮಾತಿನ ಕಡೆ ಬರ್ತಾರೆ. 'ನಿಮ್ಮ ಬಗ್ಗೆ ಹೇಳಿ', 'ವೀಕ್‌ನೆಸ್ ಏನು', 'ಮುಂಚಿನ ಕೆಲಸ ಯಾಕೆ ಬಿಟ್ರಿ', 'ಸಂಬಳ ಎಷ್ಟು ಬೇಕು', ಈ ನಾಲ್ಕಕ್ಕೆ ಎರಡೆರಡು ವಾಕ್ಯದ ಉತ್ತರ ಬರೆದು, ಬಾಯಿಪಾಠ ಮಾಡಿಟ್ಟುಕೊಳ್ಳಿ. ಬಾಯಿಪಾಠ ಅಂತ ಗೊತ್ತಾದರೂ ಪರವಾಗಿಲ್ಲ.

ಎಲ್ಲಕ್ಕಿಂತ ಮುಖ್ಯ, ಕೈಯಲ್ಲಿ ಒಂದು ಫೈಲ್ ಇರಲಿ. ಕಲ್ಪಿತ ಅಂಗಡಿಯೊಂದರ ಒಂದು ತಿಂಗಳ ಲೆಕ್ಕ ನೀವೇ ಟ್ಯಾಲಿಯಲ್ಲಿ ಹಾಕಿ. ಡೇ ಬುಕ್, ಪಾರ್ಟಿ ಲೆಡ್ಜರ್, ಬ್ಯಾಂಕ್ ತಾಳೆ, ಜಿಎಸ್‌ಟಿ ಲೆಕ್ಕದ ಸಾರಾಂಶ. ಅದರಲ್ಲಿ ಒಂದು ಕಡೆ ತಾಳೆ ಆಗದ ಮೊತ್ತ ಹೇಗೆ ಹುಡುಕಿದಿರಿ ಅಂತ ಅರ್ಧ ಪುಟ ಬರೆದು ಸೇರಿಸಿ. ಆಡಿಟರ್ ಆಫೀಸಿನವರು ಇಂಥದ್ದನ್ನು ಕೈಗೆ ಕೊಟ್ಟರೆ ತಿರುವಿ ಹಾಕದೆ ಇರಲ್ಲ. ಆಮೇಲೆ ಮಾತು ತಾನಾಗಿ ಆ ಪುಟಗಳ ಮೇಲೆ ಹೋಗುತ್ತೆ, ಆ ಮಾತು ನಿಮಗೆ ಬರುತ್ತೆ. ಕೊನೆಗೆ ಕೇಳಿ: 'ಎರಡು ದಿನ ಕೆಲಸ ಕೊಟ್ಟು ನೋಡಿ, ಆಮೇಲೆ ತೀರ್ಮಾನ ಮಾಡಿ.' ಎರಡು ದಿನ ಅಂದರೆ ಎರಡೇ ದಿನ. ತಿಂಗಳುಗಟ್ಟಲೆ ಬಿಟ್ಟಿ ದುಡಿಸಿಕೊಳ್ಳುವವರು ನಮ್ಮ ಊರಿನಲ್ಲೂ ಇದ್ದಾರೆ, ಅಂಥವರಿಗೆ ಒಪ್ಪಬೇಡಿ. ಪದವೀಧರರಿಗೆ ಅಪ್ರೆಂಟಿಸ್ ಆಗಿ ಸೇರುವ ದಾರಿಯೂ ಇದೆ. ಅಲ್ಲಿ ಭತ್ಯೆ ಕೊಟ್ಟು ಕೆಲಸ ಕಲಿಸ್ತಾರೆ, ನಿಮ್ಮನ್ನು ಕೆಲಸದ ಮೂಲಕವೇ ನೋಡ್ತಾರೆ.

ಇನ್ನು ಎಂಥ ಕೆಲಸ ಅನ್ನುವ ಪ್ರಶ್ನೆ. ಆಟಿಸಂ ಅಂದ ತಕ್ಷಣ ಕೆಲವರು ಕಂಪ್ಯೂಟರ್, ಸಾಫ್ಟ್‌ವೇರ್ ಅಂತ ಶುರು ಮಾಡ್ತಾರೆ. ಜರ್ಮನಿಯ ಸಾಫ್ಟ್‌ವೇರ್ ಕಂಪನಿ ಸ್ಯಾಪ್ 2013ರಲ್ಲಿ ಆಟಿಸಂ ಇರುವವರನ್ನೇ ಕೆಲಸಕ್ಕೆ ತೆಗೆದುಕೊಳ್ಳುವ ಕಾರ್ಯಕ್ರಮ ಘೋಷಿಸಿತು, ಅದಕ್ಕೆ ಮುಂಚೆ ಪ್ರಯೋಗ ಮಾಡಿ ನೋಡಿದ ಕಡೆಗಳಲ್ಲಿ ಭಾರತವೂ ಒಂದು. ಅದು ಒಳ್ಳೆಯದೇ ಆಯಿತು, ಎಷ್ಟೋ ಕಂಪನಿಗಳು ಕಣ್ಣು ಬಿಟ್ಟವು. ಆದರೆ ಅದರಿಂದ ಎಲ್ಲರೂ ಕೋಡ್ ಬರೀತಾರೆ ಅನ್ನುವ ಕಲ್ಪನೆಯೂ ಹಬ್ಬಿತು. ನಾನು ನೋಡಿದವರಲ್ಲಿ ಸಸಿಗಳ ನರ್ಸರಿಯಲ್ಲಿ ನೆಮ್ಮದಿಯಾಗಿ ಇರುವವರಿದ್ದಾರೆ, ಡಿಟಿಪಿ ಮಾಡುವವರಿದ್ದಾರೆ, ಮೆಡಿಕಲ್ ಸ್ಟೋರಿನ ಹಿಂದಿನ ಕೋಣೆಯಲ್ಲಿ ಸ್ಟಾಕ್ ನೋಡಿಕೊಳ್ಳುವವರಿದ್ದಾರೆ. ಹುದ್ದೆಯ ಹೆಸರು ನೋಡಬೇಡಿ. ಆ ಕೆಲಸದಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಗಂಟೆಗೆ ಗಂಟೆ ಏನು ನಡೆಯುತ್ತೆ ಅಂತ ನೋಡಿ. ನೀವು ಬಿಟ್ಟ ಕೆಲಸದ ಹೆಸರು ಅಕೌಂಟ್ಸ್ ಅಂತಿತ್ತು, ದಿನ ಪೂರ್ತಿ ನಡೆದದ್ದು ಫೋನ್ ಕೆಲಸ. ಒಂದು ಹಾಳೆ ತಗೊಂಡು ಆ ಕೆಲಸದ ಒಂದು ದಿನವನ್ನು ಗಂಟೆವಾರು ಬರೆಯಿರಿ, ಯಾವ ಗಂಟೆಯಲ್ಲಿ ಸಲೀಸಾಗಿತ್ತು, ಯಾವ ಗಂಟೆಯಲ್ಲಿ ತಲೆ ಕೆಟ್ಟಿತು ಗುರುತು ಹಾಕಿ. ಸದ್ದು, ಬೆಳಕು, ವಾಸನೆ ಸೇರಿಸಿ ಬರೆಯಿರಿ. ಇವು ನಾಜೂಕಿನವರ ನೆಪ ಅಂತ ಯಾರಾದರೂ ಅಂದರೆ ತಲೆ ಕೆಡಿಸಿಕೊಳ್ಳಬೇಡಿ, 2013ರಲ್ಲಿ ಬಂದ, ಮನೋವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿಯಲ್ಲೇ ಇವನ್ನು ಆಟಿಸಂನ ಲಕ್ಷಣಗಳಲ್ಲಿ ಸೇರಿಸಿದ್ದಾರೆ. ಮುಂದೆ ಯಾವ ಕೆಲಸ ಬಂದರೂ ಆ ಹಾಳೆ ಪಕ್ಕ ಇಟ್ಟು ನೋಡಿ.

ಈಗ ಮಂಡಿ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಹೋಗಿ, ಆದರೆ ಮೊದಲೇ ಮಾತಾಡಿಕೊಂಡು ಹೋಗಿ. ಯಾಕೆ ಹೋಗಿ ಅಂತೀನಿ ಅಂದರೆ, ಅಲ್ಲಿ ಇಂಟರ್‌ವ್ಯೂ ಇಲ್ಲ. ಮಾವ ಹೇಳಿದ್ದಾರೆ, ಅಷ್ಟು ಸಾಕು. ಮಲೆನಾಡಿನಲ್ಲಿ ಅರ್ಧ ಕೆಲಸಗಳು ಪರಿಚಯದ ಮೇಲೇ ಸಿಗುವುದು, ಪರಿಚಯ ಬೆಳೆಸಿಕೊಳ್ಳಲು ಬಾರದವರಿಗೆ ಅದು ದೊಡ್ಡ ಅಡ್ಡಿ. ನಿಮಗೆ ಈ ಸಲ ಅದೇ ಬಾಗಿಲು ತೆಗೆದಿದೆ.

ಆದರೆ ಮಂಡಿಯ ದಿನ ಹೇಗಿರುತ್ತೆ ಗೊತ್ತಿರಲಿ. ಮಳೆಗಾಲದಲ್ಲಿ ಹೋಗಿ ನೋಡಿದರೆ ಎಷ್ಟು ಪ್ರಶಾಂತ ಅನಿಸುತ್ತೆ. ಕೊಯ್ಲು ಶುರುವಾಗಿ, ಬೇಯಿಸಿ ಒಣಗಿಸಿದ ಹೊಸ ಅಡಿಕೆ ಬರತೊಡಗಿದ ಮೇಲೆ ಅದೇ ಜಾಗ ಜಾತ್ರೆ. ಗಾಡಿಗಳು ಸಾಲುಗಟ್ಟಿರುತ್ತವೆ, ಹಮಾಲಿಗಳು ಚೀಲ ಇಳಿಸುವ ಸದ್ದು, ತೂಕ ಕೂಗುವ ಸದ್ದು, ಚೀಲ ಬಿಚ್ಚಿ ಸುರಿದಾಗ ಏಳುವ ಧೂಳು. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ಒಂದೊಂದು ಬಗೆಗೂ ಒಂದೊಂದು ರೇಟು, ಅದೂ ದಿನದಿನಕ್ಕೆ ಬದಲಾಗುತ್ತೆ. ಲೆಕ್ಕ ನಿಮಗೆ ಕಷ್ಟ ಆಗಲ್ಲ, ತೂಕದ ಚೀಟಿ, ರೈತರ ಖಾತೆ, ಕೊಟ್ಟ ಮುಂಗಡ, ಬಡ್ಡಿ, ಕಮಿಷನ್, ಎಲ್ಲಕ್ಕೂ ಒಂದು ಕ್ರಮ ಇದೆ, ಒಮ್ಮೆ ಹಿಡಿದರೆ ನಿಮ್ಮಷ್ಟು ಚೊಕ್ಕವಾಗಿ ಇಡುವವರು ಸಿಗುವುದು ಕಷ್ಟ. ತೊಂದರೆ ಬರುವುದು ಬೇರೆ ಕಡೆ. ಲೆಕ್ಕದ ಮೇಜಿನ ಮೇಲೆ ಫೋನ್ ಇರುತ್ತೆ. ಹೊಸನಗರದಿಂದ, ಸಾಗರದಿಂದ, ಕೊಪ್ಪದಿಂದ ಫೋನ್ ಬರ್ತಾ ಇರುತ್ತೆ, 'ಇವತ್ತು ರಾಶಿ ಎಷ್ಟಾಯ್ತು?' ಅಂತ. ಯಾರು ಕೂತಿರ್ತಾರೋ ಅವರೇ ಹೇಳಬೇಕು. ಖುದ್ದಾಗಿ ಬಂದವರೂ ಮೇಜಿನ ಮೇಲೆ ಕೈಯೂರಿ ನಿಂತು, ನೀವು ಎಂಟ್ರಿ ಹಾಕುತ್ತಿರುವಾಗಲೇ ತಮ್ಮ ಖಾತೆ ಎಷ್ಟಿದೆ ಅಂತ ಕೇಳ್ತಾರೆ, ಜೊತೆಗೆ ಯಾವ ಊರು, ಯಾರ ಮಗ, ಮದುವೆ ಆಯ್ತಾ ಅಂತಲೂ ಕೇಳ್ತಾರೆ. ಅವರದು ಪ್ರೀತಿಯ ವಿಚಾರಣೆ. ನಿಮಗೆ ಎಂಟ್ರಿ ತಪ್ಪುವ ದಾರಿ.

ಹಾಗಾಗಿ ಸೇರುವ ಮುಂಚೆ ಇಷ್ಟು ಕೇಳಿ ತಿಳಿದುಕೊಳ್ಳಿ: ನನ್ನ ಮೇಜು ಎಲ್ಲಿ, ಮುಂದಿನ ಕಟ್ಟೆಯಲ್ಲಾ, ಒಳಗಿನ ಕೋಣೆಯಲ್ಲಾ? ಫೋನ್ ಯಾರದ್ದು? ರೈತರ ಜೊತೆ ಮಾತಾಡುವವರು ಬೇರೆ ಇದ್ದಾರಾ? ಕೆಲಸ ಹೇಳುವವರು ಒಬ್ಬರಾ, ಅಥವಾ ಧಣಿ, ಅವರ ಮಗ, ರೈಟರ್ ಮೂವರೂ ಹೇಳ್ತಾರಾ? ಇದರಲ್ಲಿ ಕೊನೆಯದು ಜನ ಕೇಳುವುದನ್ನೇ ಮರೀತಾರೆ, ಆದರೆ ಆಟಿಸಂ ಇರುವವರು ಕೆಲಸ ಬಿಡುವುದಕ್ಕೆ ನಾನು ಕಂಡ ಕಾರಣಗಳಲ್ಲಿ ಇದು ಮೇಲಿನದ್ದು. ಮೂವರು ಮೂರು ತರ ಹೇಳಿದಾಗ ಯಾರ ಮಾತು ಬಿಡಬಹುದು ಅಂತ ಉಳಿದವರಿಗೆ ತಾನಾಗಿ ಅಂದಾಜು ಸಿಗುತ್ತೆ, ನೀವು ಮೂರನ್ನೂ ಮಾಡಲು ಹೋಗಿ ಸುಸ್ತಾಗ್ತೀರಿ.

ಈ ಮಾತುಗಳನ್ನು ಮಾವನೇ ಆಡಲಿ. ಹೇಗೂ ಅವರೇ ಸೇರಿಸುತ್ತಿರುವುದು. 'ಹುಡುಗ ಲೆಕ್ಕದಲ್ಲಿ ಗಟ್ಟಿ, ಫೋನ್ ಮಾತ್ರ ಕೊಡಬೇಡಿ, ಒಳಗೆ ಕೂರಿಸಿ, ಹೇಳುವುದನ್ನು ಚೀಟಿಯಲ್ಲಿ ಬರೆದು ಕೊಡಿ' ಅಂತ ಮಾವ ಹೇಳಿದರೆ ನಡೆಯುತ್ತೆ, ಅದಕ್ಕೆ ಆಟಿಸಂ ಅನ್ನುವ ಹೆಸರೂ ಬೇಕಾಗಲ್ಲ. ನೀವೂ ಎರಡು ದಿನ ಹೋಗಿ ಕೂತು ನೋಡಿ, ಅದರಲ್ಲಿ ಒಂದು ದಿನವಾದರೂ ಜನ ಜಾಸ್ತಿ ಇರುವ ದಿನವಾಗಿರಲಿ. ಪರಿಚಯದ ಕೆಲಸದಲ್ಲಿ ಒಂದು ಅಪಾಯ ಇದೆ, ಬಿಟ್ಟರೆ ಸಂಬಂಧ ಕೆಡುತ್ತೆ ಅನ್ನುವ ಭಯಕ್ಕೆ ಜನ ಆಗದಿದ್ದರೂ ಹಲ್ಲು ಕಚ್ಚಿಕೊಂಡು ಇದ್ದುಬಿಡ್ತಾರೆ. ಅದಕ್ಕೆ ಶುರುವಿನಲ್ಲೇ 'ಒಂದು ತಿಂಗಳು ನೋಡೋಣ, ಇಬ್ಬರಿಗೂ ಸರಿ ಅನಿಸಿದರೆ ಮುಂದುವರಿಸೋಣ' ಅಂತ ಮಾವನ ಎದುರೇ ಮಾತಾಗಲಿ. ಸಂಬಳವನ್ನೂ ಆಗಲೇ ಕೇಳಿ. 'ಮನೆಯವರ ತರ ಇರು, ಕೊಡೋಣ' ಅಂದರೆ ಒಪ್ಪಿಕೊಳ್ಳಬೇಡಿ, ಇಂತಿಷ್ಟು ಅಂತ ಹೇಳಿಸಿಕೊಳ್ಳಿ, ಬ್ಯಾಂಕ್ ಖಾತೆಗೆ ಹಾಕಲು ಹೇಳಿ. ಮುಂದಿನ ಕೆಲಸಕ್ಕೆ ಅದೇ ನಿಮ್ಮ ಅನುಭವದ ದಾಖಲೆ.

ಓಡಾಟದ ಬಗ್ಗೆ ನೀವು ಏನೂ ಬರೆದಿಲ್ಲ, ನನಗೆ ಅದೇ ಯೋಚನೆ. ಮಂಡಿ ಇರುವುದು ಶಿವಮೊಗ್ಗದಲ್ಲಾದರೆ ತೀರ್ಥಹಳ್ಳಿಯಿಂದ ಸುಮಾರು 60 ಕಿಲೋಮೀಟರ್, ನಿಮ್ಮ ಹಳ್ಳಿಯಿಂದ ತೀರ್ಥಹಳ್ಳಿಗೆ ಬರುವುದು ಬೇರೆ. ತುಂಬಿದ ಬಸ್ಸಿನಲ್ಲಿ, ಮಳೆಗಾಲದಲ್ಲಿ ಕಿಟಕಿ ಮುಚ್ಚಿ, ಒದ್ದೆ ಕೊಡೆಗಳ ಮಧ್ಯೆ ನಿಂತು ಬಂದರೆ ಕೆಲಸ ಶುರು ಮಾಡುವ ಮುಂಚೆಯೇ ನಿಮ್ಮ ಅರ್ಧ ಶಕ್ತಿ ಖಾಲಿ. ಶಿವಮೊಗ್ಗದಲ್ಲಿ ರೂಮ್ ಮಾಡುವುದೇ ವಾಸಿ. ಪಿಜಿ ಬೇಡ, ನಾಲ್ಕು ಜನರ ಕೋಣೆಯಲ್ಲಿ ನಿಮಗೆ ರಾತ್ರಿಯೂ ವಿಶ್ರಾಂತಿ ಸಿಗಲ್ಲ. ಚಿಕ್ಕದಾದರೂ ಒಬ್ಬರೇ ಇರುವ ಜಾಗ ನೋಡಿ, ಅದರ ಬಾಡಿಗೆಯನ್ನು ಸಂಬಳದ ಲೆಕ್ಕದಲ್ಲಿ ಮೊದಲೇ ಕಳೆದು ನೋಡಿ. ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡ್ತೀನಿ ಅಂತ ಹಲವರು ಹೇಳ್ತಾರೆ, ಆಸೆ ಸರಿ, ಆದರೆ ಆಷಾಢದ ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಎಷ್ಟು ದಿನಕ್ಕೆ ಬರುತ್ತೆ ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಆಟಿಸಂ ಇದೆ ಅಂತ ಹೇಳಬೇಕಾ? ಇದಕ್ಕೆ ಎಲ್ಲರಿಗೂ ಆಗುವ ಒಂದೇ ಉತ್ತರ ಇಲ್ಲ, ನನ್ನ ಒಲವು ಹೇಳ್ತೀನಿ. ನಮ್ಮ ಕಡೆ ಸಣ್ಣ ಅಂಗಡಿ, ಮಂಡಿ, ಆಡಿಟರ್ ಆಫೀಸುಗಳಲ್ಲಿ ಹೆಸರು ಹೇಳುವುದಕ್ಕಿಂತ ಬೇಕಾದ್ದನ್ನು ಹೇಳುವುದು ಲೇಸು. 'ಆಟಿಸಂ' ಅಂದರೆ ಅವರ ಕಣ್ಣ ಮುಂದೆ ಬರುವುದು ಟಿವಿಯಲ್ಲಿ ನೋಡಿದ ಯಾವುದೋ ಮಗು. 'ಸದ್ದಿನಲ್ಲಿ ನನಗೆ ಗಮನ ಸಿಗಲ್ಲ, ಕಿವಿಗೆ ಇಯರ್‌ಪ್ಲಗ್ ಹಾಕ್ಕೊಳ್ತೀನಿ', 'ಬಾಯಲ್ಲಿ ಹೇಳಿದ್ದು ಮರೆಯುತ್ತೆ, ವಾಟ್ಸಾಪ್ ಮಾಡಿ', ಇದು ಯಾರಿಗಾದರೂ ಅರ್ಥವಾಗುತ್ತೆ. ಕೇಳುವಾಗ ಒಂದರ ಜೊತೆ ಅದರಿಂದ ಅವರಿಗೇನು ಲಾಭ ಅಂತಲೂ ಹೇಳಿ: ಹೀಗೆ ಮಾಡಿದರೆ ಸಂಜೆಗೆ ಲೆಕ್ಕ ತಾಳೆ ಮಾಡಿಯೇ ಮನೆಗೆ ಹೋಗ್ತೀನಿ. ಜೊತೆಯಲ್ಲಿ ಕೆಲಸ ಮಾಡುವವರಲ್ಲಿ ನಂಬಿಕೆ ಬಂದ ಒಬ್ಬರಿಗೆ, ಒಬ್ಬರಿಗೇ, ಪೂರ್ತಿ ವಿಷಯ ಹೇಳಿಟ್ಟರೆ ತಲೆ ಕೆಟ್ಟ ದಿನ ಅವರು ನಿಮ್ಮ ಪರ ನಿಲ್ತಾರೆ.

ಸರ್ಕಾರಿ ಕಚೇರಿ, ಬ್ಯಾಂಕ್, ದೊಡ್ಡ ಕಂಪನಿ ಆದರೆ ನನ್ನ ಉತ್ತರ ಬೇರೆ. ಅಲ್ಲಿ ಬರಹದಲ್ಲಿ ಹೇಳಿ, ದಾಖಲೆ ಕೊಟ್ಟು ಹೇಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ, ಆಟಿಸಂ ಅದರಲ್ಲಿ ಒಂದು. ಅದರ 20ನೇ ಕಲಂ ಪ್ರಕಾರ ಸರ್ಕಾರಿ ಸಂಸ್ಥೆ ಅಂಗವೈಕಲ್ಯದ ಕಾರಣಕ್ಕೆ ಕೆಲಸದಲ್ಲಿ ಭೇದ ಮಾಡುವಂತಿಲ್ಲ, ಕೆಲಸ ಮಾಡಲು ಬೇಕಾದ ಸೂಕ್ತ ಅನುಕೂಲ ಕೊಡಬೇಕು. ಎಲ್ಲ ಸಂಸ್ಥೆಗಳೂ ಸಮಾನ ಅವಕಾಶದ ನೀತಿ ಪ್ರಕಟಿಸಬೇಕು ಅಂತ 21ನೇ ಕಲಂ ಇದೆ. 20 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಖಾಸಗಿ ಸಂಸ್ಥೆಗಳು ಅದರಲ್ಲಿ ಏನೇನು ಅನುಕೂಲ ಕೊಡ್ತೀವಿ ಅಂತ ವಿವರ ಕೊಡಬೇಕು. ನೀವು ಅರ್ಜಿ ಹಾಕುವ ಕಂಪನಿಯ ಎಚ್‌ಆರ್‌ಗೆ ಆ ನೀತಿ ಕಳಿಸಿ ಅಂತ ಮೇಲ್ ಹಾಕಬಹುದು. ಕೊಟ್ಟ ಉತ್ತರದ ಧಾಟಿಯಲ್ಲೇ ಅಲ್ಲಿ ಇರಲು ಆಗುತ್ತಾ ಇಲ್ವಾ ಅಂತ ಗೊತ್ತಾಗಿಬಿಡುತ್ತೆ.

ಇದಕ್ಕೆಲ್ಲ ಸರ್ಟಿಫಿಕೇಟ್ ಬೇಕು. ನಿಮ್ಮ ಅಪ್ಪನ ಭಯ ನನಗೆ ಅರ್ಥ ಆಗುತ್ತೆ, ನಮ್ಮ ಊರುಗಳಲ್ಲಿ ಮಾತು ಬಸ್ಸಿಗಿಂತ ಮುಂಚೆ ಹೋಗುತ್ತೆ. ಅವರಿಗೆ ಇದನ್ನು ಓದಿ ಹೇಳಿ. ಸರ್ಟಿಫಿಕೇಟ್ ಅಂದರೆ ಪಂಚಾಯಿತಿ ಬೋರ್ಡಿಗೆ ಅಂಟಿಸುವ ಪಟ್ಟಿ ಅಲ್ಲ. ಆಧಾರ್ ಕಾರ್ಡಿನ ಮೇಲೆ ಬರಲ್ಲ, ಪಡಿತರ ಚೀಟಿಯ ಮೇಲೂ ಬರಲ್ಲ. ಅದು ನಿಮ್ಮ ಬೀರುವಿನಲ್ಲಿ ಇರುವ ಕಾಗದ, ಎಲ್ಲಿ ತೋರಿಸಬೇಕೋ ಅಲ್ಲಿ ನೀವು ತೋರಿಸಿದರೆ ಮಾತ್ರ ಹೊರಗೆ ಬರುತ್ತೆ. ಮಾಡಿಸಿಟ್ಟುಕೊಂಡು ಬಳಸದೇ ಇರಬಹುದು. ಆದರೆ ಒಂದು ಹುದ್ದೆಗೆ ಕರೆದಾಗ, ಕೊನೆಯ ದಿನಾಂಕ ಹತ್ತಿರ ಬಂದಾಗ ಮಾಡಿಸಲು ಓಡಿದರೆ ಸಿಗಲ್ಲ. ಮಗ ಸ್ವಂತ ಕಾಲ ಮೇಲೆ ನಿಂತರೆ ತಂಗಿಯ ಮದುವೆಗೆ ಬಲವೇ ಬರುತ್ತೆ, ಇದನ್ನು ಅಪ್ಪನಿಗೆ ಮಾವನ ಬಾಯಲ್ಲಿ ಹೇಳಿಸಿ.

ಮಾಡಿಸುವ ಬಗೆ ಹೀಗೆ. ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿಗೆ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ, ಅರ್ಜಿ ಹಾಕಬೇಕು. 2021ರ ಜೂನ್‌ನಿಂದ ಸರ್ಟಿಫಿಕೇಟ್ ಈ ಪೋರ್ಟಲ್ ಮೂಲಕವೇ ಕೊಡಬೇಕು ಅಂತ ಆಗಿದೆ. ಹಾಕಲು ಬಾರದಿದ್ದರೆ ನಿಮ್ಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಎಲ್ಲರೂ ವಿಆರ್‌ಡಬ್ಲ್ಯೂ ಅಂತ ಕರೆಯುವವರು, ಅವರ ಕೆಲಸವೇ ಇದು. ಊರಿನವರೇ ಆಗಿರುವುದರಿಂದ ಸಂಕೋಚ ಅನಿಸಿದರೆ ನೀವೇ ಆನ್‌ಲೈನ್‌ನಲ್ಲಿ ಹಾಕಿ. ಆಸ್ಪತ್ರೆ ಅಂತ ನಮ್ಮ ಜಿಲ್ಲೆಗೆ ಶಿವಮೊಗ್ಗದ ಮೆಗ್ಗಾನ್ ಇದೆ. ಅಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು ನೋಡ್ತಾರೆ. ಬೆಂಗಳೂರಿನ ರಿಪೋರ್ಟಿನ ಮೂಲ ಪ್ರತಿ, ಶಾಲೆಯ ಹಳೆಯ ಕಾಗದಗಳೇನಾದರೂ ಇದ್ದರೆ ಅವು, ಎಲ್ಲ ತಗೊಂಡು ಹೋಗಿ.

ಅಲ್ಲಿ ಒಂದು ವಿಷಯ ತುಂಬಾ ಜನರಿಗೆ ಗೊತ್ತಿರಲ್ಲ. ಆಟಿಸಂ ಎಷ್ಟಿದೆ ಅಂತ ಅಳೆಯಲು ನಮ್ಮ ದೇಶದಲ್ಲಿ ಬಳಸುವುದು ಐಸಾ ಅನ್ನುವ ಮಾಪನ. 40 ಅಂಶ ಇರುತ್ತೆ, ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಒಟ್ಟು 70 ಬಂದರೆ ಆಟಿಸಂ ಅಂತ ಲೆಕ್ಕಕ್ಕೆ ಬರುತ್ತೆ, ಅದಕ್ಕೆ ಶೇ. 40 ಅಂಗವೈಕಲ್ಯ. ಮೀಸಲಾತಿಗೆ ಬೇಕಾಗಿರುವುದೂ ಕನಿಷ್ಠ ಶೇ. 40. ಈಗ ಯೋಚಿಸಿ, ನೀವು ಇಷ್ಟು ವರ್ಷ ಎಲ್ಲರಂತೆ ಕಾಣಲು ಕಷ್ಟಪಟ್ಟು ಕಲಿತಿದ್ದೀರಿ. ನಗಬೇಕಾದಲ್ಲಿ ನಗುವುದು, ಕಣ್ಣು ಬದಲು ಹುಬ್ಬು ನೋಡುವುದು, ಹೇಳುವ ಮಾತನ್ನು ಮನಸ್ಸಿನಲ್ಲಿ ಮೊದಲೇ ಆಡಿಕೊಳ್ಳುವುದು. ಅದೇ ಶಿಸ್ತಿನಲ್ಲಿ ವೈದ್ಯರ ಮುಂದೆಯೂ ಕೂತು 'ಎಲ್ಲ ಮ್ಯಾನೇಜ್ ಮಾಡ್ತೀನಿ' ಅಂದರೆ ಅಂಕ ಬರಲ್ಲ, ಏನೂ ಇಲ್ಲ ಅಂತ ಕಳಿಸ್ತಾರೆ. ಅಲ್ಲಿ ನಟನೆ ಬೇಡ, ಮುಚ್ಚಿಡುವುದೂ ಬೇಡ. ಮದುವೆ ಮನೆಯಿಂದ ಎದ್ದು ಬಂದು ತೋಟದಲ್ಲಿ ಒಬ್ಬರೇ ಕೂತದ್ದು, ಬಸ್ ತಪ್ಪಿದಾಗ ಆ ದಿನವಿಡೀ ಏನೂ ಮಾಡಲು ಆಗದೆ ಇದ್ದದ್ದು, ಇಂಥವನ್ನು ಮುಂಚೆಯೇ ಬರೆದುಕೊಂಡು ಹೋಗಿ, ಓದಿ ಹೇಳಿ. ಚಿಕ್ಕಂದಿನ ವಿಷಯ ಕೇಳ್ತಾರೆ, ಅದು ನಿಮಗೆ ನೆನಪಿರಲ್ಲ, ಅಮ್ಮನನ್ನು ಕರೆದುಕೊಂಡು ಹೋಗಿ. ಹೋಗುವ ಮುಂಚೆ ಅಮ್ಮನಿಗೂ ಹೇಳಿರಿ, ಮಗನ ಮೇಲಿನ ಪ್ರೀತಿಗೆ 'ಏನೂ ತೊಂದರೆ ಇರಲಿಲ್ಲ ಡಾಕ್ಟ್ರೇ' ಅನ್ನಬೇಡಿ ಅಂತ.

ಕಾರ್ಡ್ ಕೈಗೆ ಬಂದ ಮೇಲೆ ನಿಮ್ಮಂಥವರಿಗೆ ದೊಡ್ಡ ಬಾಗಿಲು ಯಾವುದು ಅಂದರೆ ಇಂಟರ್‌ವ್ಯೂ ಇಲ್ಲದ ಪರೀಕ್ಷೆಗಳು. ಕೇಂದ್ರ ಸರ್ಕಾರ 2016ರ ಜನವರಿಯಿಂದ ಗ್ರೂಪ್ ಸಿ ಹುದ್ದೆಗಳಿಗೂ, ಗ್ರೂಪ್ ಬಿಯಲ್ಲಿ ಗೆಜೆಟೆಡ್ ಅಲ್ಲದವಕ್ಕೂ ಇಂಟರ್‌ವ್ಯೂ ತೆಗೆದುಹಾಕಿದೆ. ನಮ್ಮ ರಾಜ್ಯದ ಎಫ್‌ಡಿಎ, ಎಸ್‌ಡಿಎ (ಪ್ರಥಮ, ದ್ವಿತೀಯ ದರ್ಜೆ ಸಹಾಯಕ) ಹುದ್ದೆಗಳಿಗೂ ಬರೆಯುವ ಪರೀಕ್ಷೆಯ ಅಂಕವೇ ಮುಖ್ಯ. ಕೂತು ಓದಿ, ಬರೆದು ಗೆಲ್ಲುವ ಆಟ, ಅದು ನಿಮ್ಮದು. 2016ರ ಕಾಯ್ದೆಯ 34ನೇ ಕಲಂನಲ್ಲಿ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4 ಮೀಸಲು ಇದೆ. ಅದರಲ್ಲಿ ಶೇ. 1 ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕೆಯ ತೊಂದರೆ, ಮಾನಸಿಕ ಕಾಯಿಲೆ, ಬಹು ಅಂಗವೈಕಲ್ಯ ಇರುವವರಿಗೆ ಸೇರಿ. 2016ಕ್ಕೆ ಮುಂಚೆ ಈ ಗುಂಪಿಗೆ ಪಾಲೇ ಇರಲಿಲ್ಲ, ಅದಕ್ಕೇ ಎಷ್ಟೋ ಜನರಿಗೆ ಈಗಲೂ ಗೊತ್ತಿಲ್ಲ.

ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೂ ಇಂಟರ್‌ವ್ಯೂ ಇಲ್ಲ. ಈ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಅಧಿಸೂಚನೆಯ ಹುದ್ದೆಗಳ ಪಟ್ಟಿಯಲ್ಲಿ ಅಂಗವಿಕಲರಿಗೆ ಎಚ್‌ಐ (ಶ್ರವಣ), ಓಸಿ (ಕೈಕಾಲು), ವಿಐ (ದೃಷ್ಟಿ), ಐಡಿ (ಬೌದ್ಧಿಕ) ಅಂತ ನಾಲ್ಕು ಕಾಲಂ ಇರುತ್ತೆ. ಐಡಿ ಅಂತ ನೋಡಿ ಇದು ನಮಗಲ್ಲ ಅಂತ ಬಿಟ್ಟವರನ್ನು ನಾನು ಬಲ್ಲೆ. ಆಟಿಸಂ ಬರುವುದು ಆ ಕಾಲಂನಲ್ಲೇ. ಆದರೆ ಬ್ಯಾಂಕಿನ ಬಗ್ಗೆ ಒಂದು ಎಚ್ಚರ: ಪರೀಕ್ಷೆ ನಿಮಗೆ ಹೊಂದುತ್ತೆ, ಕೌಂಟರ್ ಹೊಂದುತ್ತಾ ಅಂತ ನೋಡಿಕೊಳ್ಳಿ. ಪಿಂಚಣಿ ಬರುವ ದಿನ ತೀರ್ಥಹಳ್ಳಿಯ ಯಾವುದಾದರೂ ಬ್ಯಾಂಕಿನಲ್ಲಿ ಅರ್ಧ ಗಂಟೆ ನಿಂತು ನೋಡಿದರೆ ಗೊತ್ತಾಗುತ್ತೆ. ನನ್ನನ್ನು ಕೇಳಿದರೆ ಕಚೇರಿಯ ರೆಕಾರ್ಡ್ ವಿಭಾಗ, ಲೆಕ್ಕಪತ್ರ ವಿಭಾಗದ ಎಸ್‌ಡಿಎ ಹುದ್ದೆಗೆ ಜಾಸ್ತಿ ಶ್ರಮ ಹಾಕಿ ಅಂತೀನಿ. ಮಂಡಿಯಲ್ಲಿ ಹಗಲು ಕೆಲಸ ಮಾಡುತ್ತಲೇ ಓದಬಹುದು, ಮಳೆಗಾಲದ ತಿಂಗಳುಗಳಲ್ಲಿ ಅಲ್ಲಿ ಕೆಲಸ ಕಡಿಮೆ, ಆ ಹೊತ್ತನ್ನು ಇದಕ್ಕೆ ಇಡಿ.

ಕೇಂದ್ರ ಸರ್ಕಾರ 2021ರ ಜನವರಿಯಲ್ಲಿ 3,566 ಹುದ್ದೆಗಳ ಪಟ್ಟಿ ಪ್ರಕಟಿಸಿದೆ, ಯಾವ ಹುದ್ದೆ ಯಾವ ಅಂಗವೈಕಲ್ಯ ಇರುವವರಿಗೆ ಹೊಂದುತ್ತೆ ಅಂತ. ಅದರಲ್ಲಿ ಎಎಸ್‌ಡಿ ಅಂತ ಇರುವಲ್ಲೆಲ್ಲ ಆಟಿಸಂ ಅಂತ ಅರ್ಥ. ಕೇಂದ್ರದ ಹುದ್ದೆಯ ಅಧಿಸೂಚನೆ ಬಂದಾಗ ಮೊದಲು ಆ ಅಕ್ಷರ ಹುಡುಕಿ, ಆಮೇಲೆ ಉಳಿದದ್ದು ಓದಿ. ಪರೀಕ್ಷೆಯಲ್ಲಿ ಅರ್ಹರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು ಅಂತ ಮಾರ್ಗಸೂಚಿ ಇದೆ. ನಿಮ್ಮ ಶೇಕಡಾ 40ಕ್ಕಿಂತ ಕಡಿಮೆ ಬಂದರೂ ಪೂರ್ತಿ ಕೈ ಚೆಲ್ಲಬೇಡಿ. ಬರೆಯಲು ತೊಂದರೆ ಇದ್ದ ಯುಪಿಎಸ್‌ಸಿ ಅಭ್ಯರ್ಥಿ ವಿಕಾಸ್ ಕುಮಾರ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟವಾಗಿ ಹೇಳಿದೆ, ಪರೀಕ್ಷೆಯ ಅನುಕೂಲಗಳನ್ನು ಶೇ. 40 ದಾಟಿದವರಿಗೆ ಮಾತ್ರ ಅಂತ ಸೀಮಿತ ಮಾಡುವಂತಿಲ್ಲ ಅಂತ. ಮೀಸಲಾತಿ ಬೇರೆ, ಅನುಕೂಲ ಬೇರೆ. ಹೆಚ್ಚುವರಿ ಸಮಯವಾಗಲಿ, ಗಲಾಟೆ ಇಲ್ಲದ ಕಡೆ ಕೂರಿಸಿ ಅನ್ನುವ ಮನವಿಯಾಗಲಿ, ಅರ್ಜಿ ತುಂಬುವಾಗಲೇ ಆ ಕಾಲಂನಲ್ಲಿ ಹಾಕಿ, ಜೊತೆಗೆ ಒಂದು ಪತ್ರ ಕಳಿಸಿ ಸ್ವೀಕೃತಿ ಇಟ್ಟುಕೊಳ್ಳಿ. ಹಾಲ್ ಟಿಕೆಟ್ ಬಂದ ಮೇಲೆ, ಪರೀಕ್ಷೆಯ ದಿನ ಬೆಳಿಗ್ಗೆ ಗೇಟಿನಲ್ಲಿ ನಿಂತು ಹೇಳಿದರೆ ಯಾರೂ ಕೇಳಿಸಿಕೊಳ್ಳಲ್ಲ.